ಮುಟ್ಟು ನಿಂತ ಮೇಲೆ ಮತ್ತೆ ರಕ್ತ: ಸ್ಕ್ಯಾನಿಂಗ್ ನಾರ್ಮಲ್ ಬಂದರೆ ಸಾಕೇ?

ಪ್ರಶ್ನೆ: ನನ್ನ ತಾಯಿಗೆ 56 ವರ್ಷ. ಮುಟ್ಟು ನಿಂತು ಐದು ವರ್ಷವಾಗಿದೆ. ಯುಗಾದಿಯ ಹೊತ್ತಿನಿಂದ ಆಗಾಗ ಬಟ್ಟೆಯ ಮೇಲೆ ರಕ್ತದ ಕಲೆ ಕಾಣಿಸುತ್ತಿದೆ. ನೀರಿನಂಥ ಸ್ರಾವವೂ ಇದೆ, ವಾಸನೆ ಬರುತ್ತದೆ ಎನ್ನುತ್ತಾರೆ. ‘ಉಷ್ಣವಾಗಿದೆ ಅಷ್ಟೇ’ ಎಂದು ಮೆಂತ್ಯ, ಮಜ್ಜಿಗೆ ಕುಡಿಯುತ್ತಿದ್ದಾರೆ. ಪಟ್ಟಣದ ವೈದ್ಯರೊಬ್ಬರು ಎರಡು ಸಲ ಮಾತ್ರೆ ಕೊಟ್ಟರು. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದೆವು, ನಾರ್ಮಲ್ ಎಂದು ಬಂತು. ಒಳಪರೀಕ್ಷೆಯನ್ನು ಯಾರೂ ಮಾಡಿಲ್ಲ. ಸಂಬಂಧಿಕರೊಬ್ಬರು ‘ಗರ್ಭಕೋಶವನ್ನೇ ತೆಗೆಸಿಬಿಡಿ, ಚಿಂತೆ ತಪ್ಪುತ್ತದೆ’ ಎನ್ನುತ್ತಿದ್ದಾರೆ. ಇದು ಗರ್ಭಕಂಠದ ಕ್ಯಾನ್ಸರ್ ಇರಬಹುದೇ? ತಂದೆಯವರು ತೀರಿಕೊಂಡು ಒಂಬತ್ತು ವರ್ಷವಾಯಿತು, ‘ನನಗೇಕೆ ಅದೆಲ್ಲ ಬರುತ್ತದೆ’ ಎಂದು ಅಮ್ಮ ಕೇಳುತ್ತಾರೆ. ನನಗೂ (33 ವರ್ಷ) ಗಂಡನೊಂದಿಗೆ ಸೇರಿದ ನಂತರ ಎರಡು ಮೂರು ಸಲ ರಕ್ತ ಕಂಡಿದೆ. ನನಗೆ 11 ವರ್ಷದ ಮಗಳಿದ್ದಾಳೆ. ನಾವು ಏನು ಮಾಡಬೇಕು?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಮಾಡಬೇಕಾದ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ನೋಡೋಣ. ಈ ವಾರದೊಳಗೆ ತಾಯಿಯನ್ನು ಸ್ತ್ರೀರೋಗ ತಜ್ಞರ ಬಳಿಗೆ ಕರೆದುಕೊಂಡು ಹೋಗಿ. ತಾಲ್ಲೂಕು ಆಸ್ಪತ್ರೆಯಾದರೂ ಆದೀತು. ಅಲ್ಲಿ ಮತ್ತೊಂದು ಚೀಟಿ ಮಾತ್ರೆ ಬರೆಸಿಕೊಂಡು ಹಿಂದಿರುಗಬೇಡಿ. ‘ಸ್ಪೆಕ್ಯುಲಂ ಹಾಕಿ ಗರ್ಭಕಂಠವನ್ನು ನೋಡಿ ಹೇಳಿ’ ಎಂದು ಬಾಯಿಬಿಟ್ಟು ಕೇಳಿ. ಸ್ಪೆಕ್ಯುಲಂ ಎಂದರೆ ಒಳಪರೀಕ್ಷೆಗೆ ಬಳಸುವ ಸಲಕರಣೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ಒಳಪರೀಕ್ಷೆಯನ್ನು ಯಾರೂ ಮಾಡಿಲ್ಲ’ ಎಂಬ ಆ ಪುಟ್ಟ ಸಾಲು. ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಪತ್ರ ಓದಿ ಹೇಳಲು ನನ್ನಿಂದ ಆಗದು. ಆದರೆ ನೋಡದೆ ಮಾತ್ರೆ ಕೊಟ್ಟವರಿಗೂ ಅದು ಗೊತ್ತಾಗಿರಲು ಸಾಧ್ಯವಿಲ್ಲ.

ಕೊನೆಯ ಮುಟ್ಟಾಗಿ ಹನ್ನೆರಡು ತಿಂಗಳು ಪೂರ್ತಿ ಕಳೆದರೆ ಮುಟ್ಟು ನಿಂತಿತು ಎಂದು ಲೆಕ್ಕ. ಅದಾದ ಮೇಲೆ ಕಾಣುವ ರಕ್ತ ಒಂದೇ ಹನಿಯಾಗಿರಲಿ, ಒಂದು ದಿನ ಕಂಡು ಮಾಯವಾಗಿರಲಿ, ಕಾರಣ ಹುಡುಕಲೇಬೇಕು. ಇದಕ್ಕೆ ನಮ್ಮ ವೃತ್ತಿಯಲ್ಲಿ ವಿನಾಯಿತಿ ಇಲ್ಲ. ಹುಡುಕಿದಾಗ ಹೆಚ್ಚಿನವರಲ್ಲಿ ಸಿಗುವುದು ಸಾಧಾರಣ ಕಾರಣವೇ. ಹಾರ್ಮೋನ್ ಇಳಿದು ಯೋನಿಯ ಒಳಪದರ ತೆಳುವಾಗಿ, ಒಣಗಿ, ಸ್ವಲ್ಪ ಉಜ್ಜಿದರೂ ರಕ್ತ ಒಸರುವಂತಾಗಿರುತ್ತದೆ. ಕೆಲವರಲ್ಲಿ ಪಾಲಿಪ್ ಎಂಬ ನಿರಪಾಯಕಾರಿ ಸಣ್ಣ ಬೆಳವಣಿಗೆ ಇರುತ್ತದೆ. ಆದರೆ ಇದೇ ರಕ್ತ ಗರ್ಭಕೋಶದ ಒಳಪದರದ ಕ್ಯಾನ್ಸರಿನಿಂದಲೂ ಬರಬಹುದು, ಗರ್ಭಕಂಠದ ಕ್ಯಾನ್ಸರಿನಿಂದಲೂ ಬರಬಹುದು. ಬಟ್ಟೆಯ ಮೇಲಿನ ಕಲೆಯನ್ನು ನೋಡಿ ಇವುಗಳಲ್ಲಿ ಯಾವುದು ಎಂದು ಹೇಳುವ ವಿದ್ಯೆ ಯಾರಿಗೂ ಇಲ್ಲ. ನಿಮ್ಮ ತಾಯಿಯಲ್ಲಿ ರಕ್ತ ತಿಂಗಳುಗಟ್ಟಲೆ ಮರುಕಳಿಸುತ್ತಿದೆ, ಜೊತೆಗೆ ವಾಸನೆಯ ನೀರಿನಂಥ ಸ್ರಾವವಿದೆ. ಈ ಎರಡೂ ಒಟ್ಟಿಗೆ ಇದ್ದಾಗ ಮೊದಲು ನೋಡಬೇಕಾದ ಜಾಗ ಗರ್ಭಕಂಠ.

ಉಷ್ಣದ ಮಾತಿಗೆ ಬರುತ್ತೇನೆ. ಅಮ್ಮ ಮೆಂತ್ಯ ಕುಡಿಯುವುದರಿಂದ ತೊಂದರೆಯೇನಿಲ್ಲ, ಕುಡಿಯಲಿ. ತೊಂದರೆ ಇರುವುದು ಅದು ಕೊಡುವ ಸಮಾಧಾನದಲ್ಲಿ. ಗರ್ಭಕಂಠದ ಗಡ್ಡೆಯಿಂದ ಬರುವ ರಕ್ತ ದಿನವೂ ಬರಬೇಕೆಂದೇನಿಲ್ಲ. ಬರುತ್ತದೆ, ಹತ್ತು ದಿನ ನಿಲ್ಲುತ್ತದೆ, ಮತ್ತೆ ಬರುತ್ತದೆ. ನಿಂತ ಆ ಹತ್ತು ದಿನದ ಪುಣ್ಯವೆಲ್ಲ ಮೆಂತ್ಯಕ್ಕೋ, ಎಳನೀರಿಗೋ, ಹರಕೆಗೋ, ವೈದ್ಯರ ಮಾತ್ರೆಗೋ ಹೋಗುತ್ತದೆ. ಹೀಗೆ ವರ್ಷ ಕಳೆದು ಬರುವವರನ್ನು ಕ್ಯಾನ್ಸರ್ ಆಸ್ಪತ್ರೆಯ ಯಾವ ಹೊರರೋಗಿ ವಿಭಾಗದಲ್ಲಾದರೂ ನೋಡಬಹುದು. ಇನ್ನು ಕೆಲವರು ‘ಮತ್ತೆ ಮುಟ್ಟು ಶುರುವಾಗಿದೆ’ ಎಂದುಕೊಳ್ಳುತ್ತಾರೆ. ಐವತ್ತು ದಾಟಿ, ಐದು ವರ್ಷ ನಿಂತ ಮುಟ್ಟು ತಾನಾಗಿ ಹಿಂದಿರುಗುವುದಿಲ್ಲ.

ಸ್ಕ್ಯಾನಿಂಗ್ ನಾರ್ಮಲ್ ಬಂದದ್ದು ಸುಳ್ಳಲ್ಲ, ಆದರೆ ಅದು ಉತ್ತರಿಸಿದ್ದು ಬೇರೆ ಪ್ರಶ್ನೆಗೆ. ಗರ್ಭಕೋಶವನ್ನು ಬೋರಲು ಹಾಕಿದ ಹೂಜಿ ಎಂದುಕೊಳ್ಳಿ. ಅದರ ಕೊರಳು ಗರ್ಭಕಂಠ, ಆ ಕೊರಳಿನ ಬಾಯಿ ಯೋನಿಯ ಒಳತುದಿಗೆ ತೆರೆದಿರುತ್ತದೆ. ಹೊಟ್ಟೆಯ ಮೇಲಿಂದ ಮಾಡುವ ಅಲ್ಟ್ರಾಸೌಂಡ್ ಹೂಜಿಯ ಗಾತ್ರ, ಅದರೊಳಗಿನ ಗಡ್ಡೆ, ಒಳಪದರದ ದಪ್ಪ, ಪಕ್ಕದ ಅಂಡಾಶಯಗಳನ್ನು ಚೆನ್ನಾಗಿ ತೋರಿಸುತ್ತದೆ. ಬಾಯಿಯ ಅಂಚಿನ ಮೇಲಿನ ಹುಣ್ಣನ್ನಾಗಲಿ, ಸಣ್ಣ ಗಡ್ಡೆಯನ್ನಾಗಲಿ ಅದು ತೋರಿಸುತ್ತದೆ ಎಂದು ನಂಬಿ ಕೂರುವಂತಿಲ್ಲ. ಗರ್ಭಕಂಠದ ಕ್ಯಾನ್ಸರ್ ಸಾಮಾನ್ಯವಾಗಿ ಹುಟ್ಟುವುದು ಆ ಅಂಚಿನಲ್ಲೇ. ಆದರೂ ವರದಿಯನ್ನು ಎಸೆಯಬೇಡಿ. ‘ಎಂಡೋಮೆಟ್ರಿಯಂ’ ಎಂಬ ಪದದ ಮುಂದೆ ಮಿಲಿಮೀಟರಿನಲ್ಲಿ ಒಂದು ಅಂಕಿ ಇರುತ್ತದೆ. ಮುಟ್ಟು ನಿಂತವರಲ್ಲಿ ಅದು 4 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗರ್ಭಕೋಶದ ಒಳಪದರದ ಬಗ್ಗೆ ತಕ್ಕಮಟ್ಟಿಗೆ ನೆಮ್ಮದಿ. ಹೆಚ್ಚಿದ್ದರೆ ಒಳಪದರದ ತುಣುಕನ್ನೂ ತೆಗೆದು ಪರೀಕ್ಷಿಸಬೇಕಾಗುತ್ತದೆ. ತಜ್ಞರಿಗೆ ಅದನ್ನು ತೋರಿಸಿ.

ಮಾತ್ರೆ ಕೊಟ್ಟ ವೈದ್ಯರನ್ನು ನಾನು ಪೂರ್ತಿ ದೂರುವುದಿಲ್ಲ. ನೂರು ರೋಗಿಗಳ ಸಾಲು, ಪರದೆಯಿಲ್ಲದ ಕೋಣೆ, ಜೊತೆಗೆ ನಿಲ್ಲಲು ನರ್ಸ್ ಇಲ್ಲ. ಹೆಣ್ಣುಮಕ್ಕಳೂ ‘ಒಳಗೆಲ್ಲ ನೋಡುವುದು ಬೇಡ, ಗುಳಿಗೆ ಕೊಡಿ’ ಎನ್ನುತ್ತಾರೆ. ಆದರೂ ಮುಟ್ಟು ನಿಂತವರ ರಕ್ತಸ್ರಾವಕ್ಕೆ ಒಮ್ಮೆಯೂ ನೋಡದೆ ಎರಡನೇ ಸಲ ಮಾತ್ರೆ ಬರೆಯುವುದನ್ನು ನಾನು ಒಪ್ಪಲಾರೆ. ಪರೀಕ್ಷಿಸುವ ಅನುಕೂಲ ಇಲ್ಲದಿದ್ದರೆ ಇರುವ ಕಡೆಗೆ ಕಳುಹಿಸಬೇಕು. ರಕ್ತ ನಿಲ್ಲಿಸುವ ಗುಳಿಗೆ ರಕ್ತವನ್ನಷ್ಟೇ ನಿಲ್ಲಿಸೀತು, ಆ್ಯಂಟಿಬಯಾಟಿಕ್ ವಾಸನೆಯನ್ನು ಕೆಲ ದಿನ ತಗ್ಗಿಸೀತು. ಎರಡೂ ಸೇರಿ ರೋಗಕ್ಕೆ ಮುಸುಕು ಹಾಕಿಬಿಡುತ್ತವೆ.

ಇನ್ನು ‘ಗರ್ಭಕೋಶವನ್ನೇ ತೆಗೆಸಿಬಿಡಿ’ ಎಂಬ ಸಲಹೆ. ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಿಮ್ಮ ಜಿಲ್ಲೆಗೆ ಇದರ ಕಹಿ ಅನುಭವವಿದೆ. ಹಾವೇರಿ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ಬಡ ಹೆಣ್ಣುಮಕ್ಕಳ, ಅದರಲ್ಲೂ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದುಹಾಕಿದ ಆರೋಪಗಳು ಎದ್ದು, ತನಿಖೆಗಳು ನಡೆದು, ಹೆಣ್ಣುಮಕ್ಕಳು ಬೀದಿಗಿಳಿದದ್ದು ನಿಮಗೂ ನೆನಪಿರಬಹುದು. ಬಿಳಿ ಮುಟ್ಟು ಎಂದು ಹೋದವರಿಗೆ, ಸೊಂಟನೋವು ಎಂದು ಹೋದವರಿಗೆ, ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬ ಒಂದೇ ಮಾತಿನಿಂದ ಹೆದರಿಸಲಾಗಿತ್ತು. ಬಿಳಿ ಮುಟ್ಟು ಕ್ಯಾನ್ಸರ್ ಆಗಿ ಮಾರ್ಪಡುವುದಿಲ್ಲ. ಸೊಂಟನೋವೂ ಇಲ್ಲ.

ಕ್ಯಾನ್ಸರ್ ಇಲ್ಲದವರಿಗೆ ಆ ಶಸ್ತ್ರಚಿಕಿತ್ಸೆಯಿಂದ ಅನ್ಯಾಯ. ನಿಜವಾಗಿ ಕ್ಯಾನ್ಸರ್ ಇರುವವರಿಗೆ ಅದು ಅನಾಹುತ, ಇದು ಬಹಳ ಜನರಿಗೆ ತಿಳಿದಿಲ್ಲ. ಗರ್ಭಕಂಠದಲ್ಲಿ ಗಡ್ಡೆ ಇರುವುದು ಗೊತ್ತಿಲ್ಲದೆ ಮಾಮೂಲಿ ರೀತಿಯಲ್ಲಿ ಗರ್ಭಕೋಶವನ್ನು ತೆಗೆದರೆ, ಕತ್ತರಿ ಗಡ್ಡೆಯ ಪಕ್ಕದಲ್ಲೋ ಗಡ್ಡೆಯ ನಡುವಿನಲ್ಲೋ ಹಾದುಹೋಗಿ ರೋಗದ ಒಂದು ಪಾಲು ಒಳಗೇ ಉಳಿಯುತ್ತದೆ. ಕ್ಯಾನ್ಸರಿಗೆ ಮಾಡುವ ಶಸ್ತ್ರಚಿಕಿತ್ಸೆಯೇ ಬೇರೆ. ಅದರಲ್ಲಿ ಗರ್ಭಕಂಠದ ಸುತ್ತಲಿನ ಅಂಗಾಂಶ, ಯೋನಿಯ ಮೇಲ್ಭಾಗ, ದುಗ್ಧಗ್ರಂಥಿಗಳು ಎಲ್ಲವನ್ನೂ ಅಳತೆ ನೋಡಿ ತೆಗೆಯಬೇಕು. ರೋಗ ಸ್ವಲ್ಪ ಬೆಳೆದಿದ್ದರೆ ಶಸ್ತ್ರಚಿಕಿತ್ಸೆಯೇ ಬೇಡ, ವಿಕಿರಣವೇ ಸರಿಯಾದ ಚಿಕಿತ್ಸೆ. ಗರ್ಭಕೋಶವನ್ನು ತೆಗೆದುಬಿಟ್ಟ ಮೇಲೆ ಒಳಗಿನಿಂದ ಕೊಡುವ ವಿಕಿರಣದ ಸಲಕರಣೆಯನ್ನು ಇಡಬೇಕಾದ ಜಾಗವೇ ಇರುವುದಿಲ್ಲ. ಆದ್ದರಿಂದ ನಿಮ್ಮ ಸಂಬಂಧಿಕರಿಗೆ ಹೇಳಿ: ಗರ್ಭಕಂಠವನ್ನು ನೋಡುವವರೆಗೆ, ಅನುಮಾನವಿದ್ದರೆ ಬಯಾಪ್ಸಿ (ಚಿಕ್ಕ ತುಣುಕು ತೆಗೆದು ಮಾಡುವ ಪರೀಕ್ಷೆ) ವರದಿ ಕೈಗೆ ಬರುವವರೆಗೆ, ಯಾರೂ ಆಪರೇಷನ್ನಿನ ಮಾತು ಎತ್ತಬಾರದು.

ಒಳಪರೀಕ್ಷೆಗೆ ಅಮ್ಮ ಹೆದರುತ್ತಿರಬಹುದು. ಏನು ನಡೆಯುತ್ತದೆ ಎಂದು ಮೊದಲೇ ಹೇಳಿ ಕರೆದುಕೊಂಡು ಹೋಗಿ. ಉಪವಾಸ ಬೇಕಿಲ್ಲ, ಅರಿವಳಿಕೆ ಬೇಕಿಲ್ಲ. ಮೂತ್ರ ಮಾಡಿ ಬಂದು ಮಂಚದ ಮೇಲೆ ಮಲಗಿ ಮೊಣಕಾಲು ಮಡಚಬೇಕು. ಸೀರೆಯನ್ನು ಪೂರ್ತಿ ಬಿಚ್ಚಬೇಕಾಗಿಲ್ಲ. ಯೋನಿಯ ಗೋಡೆಗಳನ್ನು ಬಿಡಿಸಿ ಹಿಡಿಯುವ ಸಲಕರಣೆಯೇ ಸ್ಪೆಕ್ಯುಲಂ. ಅದನ್ನು ಇಟ್ಟು ದೀಪದ ಬೆಳಕಿನಲ್ಲಿ ಗರ್ಭಕಂಠವನ್ನು ನೋಡುತ್ತಾರೆ, ಆಮೇಲೆ ಬೆರಳಿನಿಂದ ಮುಟ್ಟಿ ಪರೀಕ್ಷಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಮುಟ್ಟು ನಿಂತವರಿಗೆ ಒಣಗಿದ ಚರ್ಮದಿಂದಾಗಿ ಇದು ನೋಯಬಹುದು. ‘ಸಣ್ಣ ಸ್ಪೆಕ್ಯುಲಂ ಬಳಸಿ, ಜೆಲ್ಲಿ ಹಚ್ಚಿ, ನಿಧಾನವಾಗಿ ಮಾಡಿ’ ಎಂದು ಹೇಳುವ ಹಕ್ಕು ಅವರಿಗಿದೆ. ಮಹಿಳಾ ವೈದ್ಯರೇ ಬೇಕು, ಮಗಳು ಪಕ್ಕದಲ್ಲಿ ನಿಲ್ಲಬೇಕು ಎಂದು ಕೇಳಿದರೂ ತಪ್ಪಿಲ್ಲ. ‘ರಕ್ತ ನಿಂತ ಮೇಲೆ ಬನ್ನಿ’ ಎಂದರೆ ಒಪ್ಪಬೇಡಿ. ಆ ಮಾತು ಮಾಮೂಲಿ ತಪಾಸಣೆಗೆ ಬರುವವರಿಗೆ ಸರಿ, ರಕ್ತ ಹೋಗುವುದೇ ತೊಂದರೆಯಾಗಿರುವವರಿಗೆ ಅಲ್ಲ.

ವೈದ್ಯರ ಮುಂದೆ ಕುಳಿತಾಗ ‘ಬಿಳಿ ಮುಟ್ಟು ಹೋಗುತ್ತಿದೆ’ ಎಂದಷ್ಟೇ ಹೇಳಿ ಮುಗಿಸಬೇಡಿ. ನಾಚಿಕೆಗೆ ಎಲ್ಲ ತೊಂದರೆಯನ್ನೂ ಆ ಎರಡು ಪದಗಳಲ್ಲಿ ಮುಚ್ಚುವುದು ನಮ್ಮ ಕಡೆಯ ರೂಢಿ, ಕೇಳುವವರೂ ಮಾಮೂಲಿ ಗುಳಿಗೆಯನ್ನೇ ಬರೆಯುತ್ತಾರೆ. ‘ಮುಟ್ಟು ನಿಂತು ಐದು ವರ್ಷವಾಗಿದೆ, ಯುಗಾದಿಯಿಂದ ರಕ್ತ ಕಾಣುತ್ತಿದೆ, ನೀರಿನಂಥ ಸ್ರಾವಕ್ಕೆ ವಾಸನೆ ಇದೆ, ಎರಡು ಸಲ ಮಾತ್ರೆ ತೆಗೆದುಕೊಂಡರೂ ನಿಂತಿಲ್ಲ, ಇನ್ನೂ ಒಳಪರೀಕ್ಷೆ ಆಗಿಲ್ಲ’: ಇಷ್ಟನ್ನು ಇದೇ ಕ್ರಮದಲ್ಲಿ ನೀವೇ ಹೇಳಿ. ಈ ಮಾತು ಕೇಳಿಯೂ ಪರೀಕ್ಷಿಸದವರಿದ್ದರೆ ಎದ್ದು ಬೇರೆಯವರ ಬಳಿಗೆ ಹೋಗಿ.

ನೋಡಿದಾಗ ಗರ್ಭಕಂಠ ನುಣುಪಾಗಿ, ಆರೋಗ್ಯವಾಗಿ ಕಂಡರೆ ಪ್ಯಾಪ್ ಸ್ಮಿಯರ್ (ಗರ್ಭಕಂಠದ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪರೀಕ್ಷೆ) ಅಥವಾ ಎಚ್‌ಪಿವಿ (ಈ ಕ್ಯಾನ್ಸರಿಗೆ ಮೂಲವಾದ ವೈರಸ್) ಪರೀಕ್ಷೆ ಮಾಡಿ, ರಕ್ತದ ಕಾರಣವನ್ನು ಬೇರೆ ಕಡೆ ಹುಡುಕುತ್ತಾರೆ. ಕಣ್ಣಿಗೆ ಕಾಣುವ ಗಡ್ಡೆಯೋ, ಮುಟ್ಟಿದರೆ ರಕ್ತ ಸುರಿಯುವ ಹುಣ್ಣೋ ಇದ್ದರೆ ಪ್ಯಾಪ್ ಸ್ಮಿಯರಿಗೆ ಸಮಯ ಕಳೆಯಬಾರದು. ಅಲ್ಲಿಂದಲೇ ಚಿಕ್ಕ ತುಣುಕು ತೆಗೆದು ಬಯಾಪ್ಸಿಗೆ ಕಳುಹಿಸಬೇಕು. ಗಡ್ಡೆಯ ಮೇಲ್ಭಾಗದಲ್ಲಿ ಕೊಳೆತ ಜೀವಕೋಶ ಮತ್ತು ರಕ್ತವೇ ತುಂಬಿರುವುದರಿಂದ, ಎದುರಿಗೇ ಕ್ಯಾನ್ಸರ್ ಇದ್ದರೂ ಪ್ಯಾಪ್ ವರದಿ ‘ಸೋಂಕು ಮಾತ್ರ’ ಎಂದು ಬರಬಹುದು. ಬಯಾಪ್ಸಿಯನ್ನು ಸಾಮಾನ್ಯವಾಗಿ ಹೊರರೋಗಿ ಕೋಣೆಯಲ್ಲೇ ಮಾಡುತ್ತಾರೆ. ಗರ್ಭಕಂಠದ ಮೇಲ್ಮೈಗೆ ನೋವಿನ ಅರಿವು ಕಡಿಮೆ, ಹಾಗಾಗಿ ಹಿಂಡಿದಂತೆ ಆಗುತ್ತದೆ, ಅಷ್ಟೇ. ತುಣುಕು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂದು ಯಾರಾದರೂ ಹೇಳುತ್ತಾರೆ, ಖಂಡಿತ ಹೇಳುತ್ತಾರೆ. ಅದು ನಿಜವಲ್ಲ. ಬಯಾಪ್ಸಿ ಇಲ್ಲದೆ ಯಾವ ಕ್ಯಾನ್ಸರ್ ಆಸ್ಪತ್ರೆಯೂ ಚಿಕಿತ್ಸೆ ಆರಂಭಿಸುವುದಿಲ್ಲ.

ನೋವಿನ ಅರಿವು ಕಡಿಮೆ ಎಂದೆನಲ್ಲ, ಈ ರೋಗ ಮರೆಯಲ್ಲಿ ಬೆಳೆಯುವುದಕ್ಕೂ ಅದೇ ಕಾರಣ. ಅಮ್ಮ ‘ನೋವೇ ಇಲ್ಲವಲ್ಲ’ ಎನ್ನಬಹುದು. ಮೊದಮೊದಲ ಗರ್ಭಕಂಠದ ಕ್ಯಾನ್ಸರಿಗೆ ನೋವು ಇರುವುದೇ ಇಲ್ಲ. ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳ ಹಂತದಲ್ಲಂತೂ ಯಾವ ಲಕ್ಷಣವೂ ಇಲ್ಲ, ತಪಾಸಣೆಯಲ್ಲಿ ಮಾತ್ರ ಸಿಗುತ್ತದೆ. ಲಕ್ಷಣ ಶುರುವಾಗುವುದು ಮೇಲ್ಮೈ ಒಡೆದಾಗ. ಗಡ್ಡೆ ತನಗಾಗಿ ಬೆಳೆಸಿಕೊಳ್ಳುವ ರಕ್ತನಾಳಗಳು ದುರ್ಬಲವಾಗಿರುತ್ತವೆ, ಏನಾದರೂ ತಾಗಿದರೆ ಸಾಕು ಒಡೆಯುತ್ತವೆ. ಅದಕ್ಕೇ ಲೈಂಗಿಕ ಸಂಪರ್ಕದ ನಂತರ, ಎರಡು ಮುಟ್ಟುಗಳ ನಡುವೆ, ಕೆಲವೊಮ್ಮೆ ಮಲವಿಸರ್ಜನೆಗೆ ತಿಣುಕಿದಾಗಲೂ ರಕ್ತ ಕಾಣುತ್ತದೆ. ಗಡ್ಡೆಯ ಮೇಲ್ಭಾಗ ಸತ್ತು ಅಲ್ಲಿ ಬ್ಯಾಕ್ಟೀರಿಯಾ ಬೆಳೆದಾಗ ನೀರಿನಂಥ, ಮಾಂಸ ತೊಳೆದ ನೀರಿನ ಬಣ್ಣದ, ಕೆಟ್ಟ ವಾಸನೆಯ ಸ್ರಾವ. ನೋವು ಬರುವುದು ಅದಕ್ಕೂ ಮುಂದೆ, ರೋಗ ಅಕ್ಕಪಕ್ಕದ ಅಂಗಾಂಶಕ್ಕೆ ಇಳಿದಾಗ. ಮೂತ್ರಪಿಂಡದಿಂದ ಇಳಿಯುವ ಮೂತ್ರನಾಳಗಳು ಗರ್ಭಕಂಠದಿಂದ ಸುಮಾರು ಎರಡು ಸೆಂಟಿಮೀಟರ್ ದೂರದಲ್ಲೇ ಹಾದುಹೋಗುತ್ತವೆ. ಅವು ಒತ್ತಿಹೋದರೆ ಪಕ್ಕೆಯಲ್ಲಿ ನೋವು, ಮೂತ್ರ ಕಡಿಮೆಯಾಗುವುದು, ಸದ್ದಿಲ್ಲದೆ ಮೂತ್ರಪಿಂಡ ಸೋಲುವುದು. ಒಂದೇ ಕಾಲು ಊದುವುದು, ಯೋನಿಯ ಮೂಲಕ ಮೂತ್ರ ಅಥವಾ ಮಲ ಸೋರುವುದು ರೋಗ ಬಹಳ ಮುಂದುವರಿದಿರುವುದರ ಗುರುತು. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ ಎಂಬುದು ಒಳ್ಳೆಯ ಮಾತು.

ಇದನ್ನು ಓದಿದ ಬೇರೆ ಹೆಣ್ಣುಮಕ್ಕಳು ಗಾಬರಿಯಾಗುವುದು ಬೇಡ. ಮುಟ್ಟಿನ ನಡುವಿನ ದಿನಗಳಲ್ಲಿ ಬರುವ, ಎಳೆದರೆ ಎಳೆಯಾಗುವ ತಿಳಿ ಸ್ರಾವ ಸಹಜ. ತುರಿಕೆಯೊಂದಿಗೆ ಒಡೆದ ಮೊಸರಿನಂಥ ಸ್ರಾವವಿದ್ದರೆ ಶಿಲೀಂಧ್ರದ ಸೋಂಕು ಇರಬಹುದು, ಮೀನಿನ ವಾಸನೆಯ ಬೂದು ಸ್ರಾವವಿದ್ದರೆ ಬ್ಯಾಕ್ಟೀರಿಯಾದ್ದು. ಎರಡಕ್ಕೂ ಸರಳ ಔಷಧಿ ಇದೆ. ಆದರೆ ಒಂದು ಸುತ್ತು ಸರಿಯಾದ ಔಷಧಿಗೂ ಬಗ್ಗದ ಸ್ರಾವಕ್ಕೆ ಎರಡನೇ ಸುತ್ತಿನ ಮೊದಲು ಗರ್ಭಕಂಠವನ್ನು ನೋಡಬೇಕು. ಬರೀ ಸೊಂಟನೋವಿಗೆ ಕ್ಯಾನ್ಸರ್ ಕಾರಣವಾಗಿರುವುದು ಅಪರೂಪ. ಕಾಪರ್-ಟಿ, ಹಾರ್ಮೋನ್ ಗುಳಿಗೆ, ಥೈರಾಯ್ಡ್, ಫೈಬ್ರಾಯ್ಡ್ ಗಡ್ಡೆ ಇವೆಲ್ಲವೂ ಮುಟ್ಟಿನ ಲಯ ತಪ್ಪಿಸುತ್ತವೆ.

ವಾರಗಟ್ಟಲೆ ಅಲ್ಲ, ಅದೇ ದಿನ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ತಲೆಸುತ್ತಿ ಬೀಳುವಂತಾಗುವುದು, ಮೂತ್ರ ನಿಂತುಹೋಗುವುದು, ಜ್ವರದೊಂದಿಗೆ ದುರ್ವಾಸನೆಯ ಸ್ರಾವ, ಒಂದು ಕಾಲು ಇದ್ದಕ್ಕಿದ್ದಂತೆ ಊದಿ ನೋಯುವುದು. ಇವುಗಳಲ್ಲಿ ಯಾವುದು ಕಂಡರೂ ಅಮ್ಮನನ್ನು ಬೆಳಗಾಗುವವರೆಗೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

‘ನನಗೇಕೆ ಬರುತ್ತದೆ’ ಎಂಬ ಅಮ್ಮನ ಪ್ರಶ್ನೆಗೆ ಗೌರವದಿಂದಲೇ ಉತ್ತರಿಸಬೇಕು, ಅದರ ಹಿಂದೆ ಮಾನದ ಭಯವಿದೆ. ಗರ್ಭಕಂಠದ ಹೆಚ್ಚುಕಡಿಮೆ ಎಲ್ಲ ಕ್ಯಾನ್ಸರ್‌ಗಳ ಮೂಲ ಎಚ್‌ಪಿವಿ ಎಂಬ ವೈರಸ್. ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಇದನ್ನು ತೋರಿಸಿಕೊಟ್ಟು 2008ರಲ್ಲಿ ನೊಬೆಲ್ ಪಡೆದರು. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಎಷ್ಟು ಸಾಮಾನ್ಯವೆಂದರೆ, ದಾಂಪತ್ಯ ನಡೆಸಿದ ಬಹುತೇಕ ಗಂಡಸರು ಹೆಂಗಸರು ಬದುಕಿನಲ್ಲಿ ಒಮ್ಮೆಯಾದರೂ ಅದನ್ನು ಪಡೆದಿರುತ್ತಾರೆ. ಒಬ್ಬನೇ ಗಂಡನೊಂದಿಗೆ ಬಾಳಿದವರಿಗೂ ಬರುತ್ತದೆ. ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಅದನ್ನು ತಾನೇ ಹೊರದೂಡುತ್ತದೆ. ಅಪಾಯಕಾರಿ ಬಗೆಯ ವೈರಸ್ ಉಳಿದುಕೊಂಡ ಕೆಲವರಲ್ಲಿ ಮಾತ್ರ ಬದಲಾವಣೆ ಶುರುವಾಗಿ, ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷ ಬೇಕು. ಹಾಗಾಗಿ ಗಂಡ ತೀರಿಕೊಂಡು ಒಂಬತ್ತು ವರ್ಷವಾದದ್ದು ರಕ್ಷಣೆಯಲ್ಲ, ಈಗ ರೋಗ ಬಂದರೆ ಅದು ಯಾರ ನಡತೆಗೂ ಸಾಕ್ಷಿಯೂ ಅಲ್ಲ. ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡವರಿಗೂ ಬರುತ್ತದೆ, ಆ ಆಪರೇಷನ್ನಿಗೂ ಇದಕ್ಕೂ ಸಂಬಂಧವಿಲ್ಲ. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.27 ಲಕ್ಷ ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರ್ ಬಂತು, 80 ಸಾವಿರದಷ್ಟು ಮಂದಿ ಸತ್ತರು. ಅವರೆಲ್ಲ ನಮ್ಮ ನಿಮ್ಮ ಮನೆಯ ಹೆಣ್ಣುಮಕ್ಕಳೇ.

ಈಗ ನಿಮ್ಮ ವಿಷಯ. ಸಂಪರ್ಕದ ನಂತರ ರಕ್ತ ಕಾಣುವ 33ರ ವಯಸ್ಸಿನವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಗರ್ಭಕಂಠದ ಒಳಗಿನ ಮೃದು ಪದರ ಹೊರಕ್ಕೆ ಸರಿದಿರುವುದು, ಸೋಂಕು, ಪಾಲಿಪ್ ಸಾಮಾನ್ಯ ಕಾರಣಗಳು. ಆ ಮೃದು ಪದರವನ್ನು ಕೆಲವರು ‘ಗರ್ಭಕೋಶದ ಹುಣ್ಣು’ ಎಂದು ಹೆದರಿಸುತ್ತಾರೆ, ಅದು ಹುಣ್ಣಲ್ಲ. ಆದರೆ ಎರಡು ಮೂರು ಸಲ ಮರುಕಳಿಸಿದೆ ಎಂದಿದ್ದೀರಿ. ಅಮ್ಮನ ಜೊತೆ ಹೋದ ದಿನವೇ ನೀವೂ ಪರೀಕ್ಷೆ ಮಾಡಿಸಿಕೊಳ್ಳಿ. ಒಂದೇ ಬಸ್ ಚಾರ್ಜಿನಲ್ಲಿ ಎರಡು ಕೆಲಸ. ಮಗಳೂ ಮಲಗಿ ಪರೀಕ್ಷೆ ಮಾಡಿಸಿಕೊಂಡರೆ ತಾಯಿಯ ಸಂಕೋಚವೂ ಅರ್ಧ ಇಳಿಯುತ್ತದೆ.

ಕಾರಣ ಏನೇ ಸಿಗಲಿ, ಮೂವತ್ತು ದಾಟಿದ ನಿಮಗೆ ತಪಾಸಣೆಯ ವಯಸ್ಸು ಬಂದಾಗಿದೆ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ವಿಐಎ ಪರೀಕ್ಷೆ ಇದೆ. ಗರ್ಭಕಂಠಕ್ಕೆ ತಿಳಿಯಾದ ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾದು ನೋಡುತ್ತಾರೆ, ಅನುಮಾನದ ಜಾಗ ಬೆಳ್ಳಗಾಗುತ್ತದೆ. ಕೈಗೆಟುಕಿದರೆ ಎಚ್‌ಪಿವಿ ಪರೀಕ್ಷೆ ಇನ್ನೂ ಉತ್ತಮ. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1.3 ಲಕ್ಷ ಹೆಣ್ಣುಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆಯಿಂದ ಈ ಕ್ಯಾನ್ಸರಿನ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ನಮ್ಮಂಥದೇ ಹಳ್ಳಿ, ನಮ್ಮಂಥದೇ ಬಡತನ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ಒಂದು ಎಚ್ಚರ: ಹಿಂದಿನ ವರ್ಷದ ತಪಾಸಣೆ ಸರಿಯಾಗಿತ್ತು ಎಂದು ಈ ವರ್ಷದ ರಕ್ತವನ್ನು ಕಡೆಗಣಿಸಬಾರದು. ಎಚ್‌ಪಿವಿ ಪಾಸಿಟಿವ್ ಬಂದರೆ ಅದು ಕ್ಯಾನ್ಸರ್ ಇದೆ ಎಂಬ ವರದಿಯಲ್ಲ, ಹೆಚ್ಚಿನ ಪರೀಕ್ಷೆ ಬೇಕು ಎಂಬ ಸೂಚನೆ. ಗಂಡನೊಂದಿಗೆ ಜಗಳ ತೆಗೆಯಲು ಅದು ಕಾರಣವೂ ಅಲ್ಲ.

ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿ, ಹನ್ನೊಂದು ಸರಿಯಾದ ವಯಸ್ಸು. ವೈರಸ್ ಸೋಕುವ ಮೊದಲೇ ಕೊಟ್ಟರೆ ಲಸಿಕೆಯ ಫಲ ಪೂರ್ತಿ. 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಕೊಡುವುದು ರೂಢಿ. ಒಂದೇ ಡೋಸ್ ಕೂಡ ಸಾಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ 2023ರಿಂದ ಸಿಗುತ್ತಿದೆ. ಸರ್ಕಾರದಿಂದ ಉಚಿತವಾಗಿ ಸಿಗುವುದೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಲಸಿಕೆಯಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬ ವಾಟ್ಸ್‌ಆ್ಯಪ್ ಸುದ್ದಿಯನ್ನು ಅಳಿಸಿಹಾಕಿ. ಅಮ್ಮನಿಗೆ ಈಗ ಈ ಲಸಿಕೆಯಿಂದ ಪ್ರಯೋಜನವಿಲ್ಲ, ಅದು ಇರುವ ರೋಗವನ್ನು ವಾಸಿ ಮಾಡುವುದಿಲ್ಲ.

ಒಂದು ವೇಳೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದೇ ಬಂದರೆ? ಕೈ ಚೆಲ್ಲುವ ರೋಗ ಇದಲ್ಲ. ಗರ್ಭಕಂಠದಲ್ಲೇ ಇದ್ದರೆ ಬಹುಪಾಲು ಮಂದಿ ಗುಣವಾಗುತ್ತಾರೆ, ಸುತ್ತ ಹರಡಿದ್ದರೂ ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತೇವೆ. ಎಂಆರ್‌ಐ ಮತ್ತು ರಕ್ತ ಪರೀಕ್ಷೆಗಳಿಂದ ಹಂತ ತಿಳಿದು, ಸಣ್ಣದಿದ್ದರೆ ಶಸ್ತ್ರಚಿಕಿತ್ಸೆ. ಇಲ್ಲದಿದ್ದರೆ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಹೊರಗಿನಿಂದ ವಿಕಿರಣ, ವಾರಕ್ಕೊಮ್ಮೆ ಕೀಮೋ, ಕೊನೆಗೆ ಒಳಗಿನಿಂದ ವಿಕಿರಣ. ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು. ‘ಸುಗ್ಗಿ ಮುಗಿಸಿ ಬರುತ್ತೇವೆ’ ಎಂದು ನಡುವೆ ಬಿಟ್ಟುಹೋದರೆ ಚಿಕಿತ್ಸೆಯ ಬಲ ಕುಗ್ಗುತ್ತದೆ.

ನಿಮಗೆ ಹತ್ತಿರದ ಜಾಗ ಹುಬ್ಬಳ್ಳಿ. ಮೊದಲು ಕಿಮ್ಸ್ ಎನ್ನುತ್ತಿದ್ದ ಸರ್ಕಾರಿ ಆಸ್ಪತ್ರೆ (ಈಗ ಕೆಎಂಸಿಆರ್‌ಐ) ಇದೆ, ನವನಗರದ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಬೆಂಗಳೂರಿಗೆ ಹೋಗುವುದಾದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುವುದರಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಿಂದಲೇ ಶುರು ಮಾಡುವುದು ಲೇಸು. ಆಧಾರ್, ಪಡಿತರ ಚೀಟಿ, ಸ್ಕ್ಯಾನಿಂಗ್ ವರದಿ, ತೆಗೆದುಕೊಂಡ ಮಾತ್ರೆಗಳ ಚೀಟಿ ಎಲ್ಲ ಒಂದೇ ಚೀಲದಲ್ಲಿರಲಿ. ಬಯಾಪ್ಸಿ ಬೇರೆ ಕಡೆ ಆಗಿದ್ದರೆ ವರದಿಯ ಹಾಳೆಯ ಜೊತೆ ತುಣುಕನ್ನು ಇರಿಸಿದ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಅನ್ನೂ ಕೇಳಿ ಪಡೆದುಕೊಳ್ಳಿ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅದನ್ನು ಮತ್ತೊಮ್ಮೆ ನೋಡುತ್ತಾರೆ, ಇಲ್ಲದಿದ್ದರೆ ಅಮ್ಮನಿಂದ ಎರಡನೇ ಸಲ ತುಣುಕು ತೆಗೆಯಬೇಕಾದೀತು.